ಕಿರುಬೆರಳಿಲ್ಲದ ಕೈ

ಓಸ್ಟಿಯಾ ನಗರದ ಹೊಸ ಅಧ್ಯಕ್ಷರಾದ ಫಾಡಿಯುಸ್ ಅವರಿಗೆ, ಹಿಂದಿನ ಅಧ್ಯಕ್ಷ ನುಮೇರಿಯುಸರ ವಿಧವೆ ಒಪ್ಪಿಯಾ ಬರೆಯುವುದು.

ನೀವು ಕ್ಷೇಮವೆಂದು ಊರೆಲ್ಲ ಹೇಳುತ್ತಿದೆ. ನಾನು ಕ್ಷೇಮವಾಗಿಲ್ಲ.

ಚೌಕದಲ್ಲಿದ್ದ ನನ್ನ ಗಂಡನ ಪ್ರತಿಮೆಯ ತಲೆ ತೆಗೆಸಿ ನಿಮ್ಮ ತಲೆ ಕೂರಿಸಿದ್ದೀರಿ. ಅದಕ್ಕೆ ನಾನು ಅಳಲಿಲ್ಲ. ಅಧಿಕಾರ ಬದಲಾದರೆ ತಲೆಯೂ ಬದಲಾಗಲೆಂದೇ ನಮ್ಮ ಶಿಲ್ಪಿಗಳು ಕತ್ತಿನಲ್ಲಿ ಗುಳಿ ಬಿಟ್ಟು ಕೆತ್ತುತ್ತಾರೆ.

ಆದರೆ ಆತುರದಲ್ಲಿ ನೀವು ಪ್ರತಿಮೆಯ ಕೈ ನೋಡಲಿಲ್ಲ. ಎಡಗೈಯಲ್ಲಿ ಕಿರುಬೆರಳಿಲ್ಲ. ಬಂದರಿನ ಉಗ್ರಾಣಕ್ಕೆ ಬೆಂಕಿ ಬಿದ್ದ ದಿನ, ಒಳಗೆ ಸಿಕ್ಕಿಕೊಂಡ ಹಮಾಲರನ್ನು ಹೊರಗೆಳೆಯುವಾಗ ತೊಲೆ ಬಿದ್ದು ನನ್ನ ಗಂಡನ ಆ ಬೆರಳು ಹೋಯಿತು. ಕೈ ಇದ್ದ ಹಾಗೆಯೇ ಇರಲಿ ಎಂದು ಶಿಲ್ಪಿಯ ಹತ್ತಿರ ಹಟ ಹಿಡಿದವಳು ನಾನು.

ನಿನ್ನೆ ಮೀನು ಮಾರುವ ಕ್ರೆಸ್ಟೆ ನನ್ನನ್ನು ತಡೆದು ಕೇಳಿದಳು: "ಅಮ್ಮಾವ್ರೇ, ಹೊಸ ಧಣಿಗಳಿಗೂ ಬೆರಳಿಲ್ವಂತಲ್ಲ? ಯುದ್ಧದಲ್ಲಿ ಹೋಯ್ತು ಅಂತ ಔತಣದಲ್ಲಿ ಕಣ್ಣೀರು ಹಾಕಿದ್ರಂತೆ. ಅದ್ಕೇ ನೋಡಿ, ಎಡಗೈಯನ್ನ ಬಟ್ಟೆ ಮಡಿಕೆಯಿಂದ ಆಚೆ ತೆಗೆಯೋದೇ ಇಲ್ಲ!"

ಹತ್ತು ಬೆರಳೂ ನೆಟ್ಟಗಿರುವ ನಿಮಗೆ ನಾಚಿಕೆಯಾಗಲಿಲ್ಲವೇ?

ನನ್ನ ಗಂಡನ ತಲೆ ಶಿಲ್ಪಿಯ ಅಂಗಳದ ಕಸದಲ್ಲಿ ಬಿದ್ದಿದೆ. ನಾಳೆ ಮಧ್ಯಾಹ್ನದೊಳಗೆ ಅದನ್ನು ಒರೆಸಿ ಮನೆಗೆ ಕಳಿಸಿ. ಪ್ರತಿಮೆಯ ಆ ಎಡಗೈಯನ್ನೂ ಕಡಿಸಿ ಜೊತೆಗೆ ಕಳಿಸಿ.

ಕೈ ಕೊಡಲು ಮನಸ್ಸಿಲ್ಲದಿದ್ದರೆ ನೀವೇ ಬನ್ನಿ. ನಮ್ಮ ಅಡುಗೆಯವನ ಕತ್ತಿ ಹರಿತವಾಗಿದೆ. ಆ ಪ್ರತಿಮೆ ನಿಮ್ಮದೇ ಆಗಲು ಒಂದು ಏಟು ಮಾತ್ರ ಬಾಕಿ.

ಇಂದಿಗೂ ನುಮೇರಿಯುಸರ ಹೆಂಡತಿ,
ಒಪ್ಪಿಯಾ