ಏಳನೇ ಬಾವಿಯ ತನಕ

ನಮ್ಮ ಹೊಲಿಗೆ ಕೋಣೆಯಿಂದ,
ಮಾರ್ಚ್ ಹನ್ನೊಂದು, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೇ? ಮೊಣಕಾಲು ನೋವೆಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಮೆಟ್ಟಿಲು ಹತ್ತಬೇಡ ಎಂದರೆ ಬೇಕೆಂದೇ ಎರಡು ಸಲ ಹತ್ತುವವಳು ನೀನು, ಅದಕ್ಕೇ ನಾನು ಹೇಳುವುದಿಲ್ಲ. ನಾನು ಚೆನ್ನಾಗಿದ್ದೇನೆ. ಸೂಜಿಗೆ ದಾರ ಪೋಣಿಸಲು ಮಾತ್ರ ಪಕ್ಕದ ಚಪ್ಪಲಿ ರಿಪೇರಿಯವನನ್ನು ಕರೆಯಬೇಕು. ಅವನಿಗೂ ಕಣ್ಣು ಮಂಜು. ಇಬ್ಬರೂ ಸೇರಿ ಅರ್ಧ ಗಂಟೆ ಒದ್ದಾಡುತ್ತೇವೆ.

ಈಗ ಸುದ್ದಿ. ಲೈಬ್ರರಿಯಿಂದ ಒಬ್ಬ ಹುಡುಗಿ ಬಂದಿದ್ದಳು. ವಯಸ್ಸಾದವರ ಬಾಯಲ್ಲಿ ಉಳಿದಿರುವ ಕಥೆಗಳನ್ನೆಲ್ಲ ರೆಕಾರ್ಡ್ ಮಾಡಿಡುತ್ತಾಳಂತೆ. ಅಮ್ಮನ ಕಥೆಗೂ ಒಂದು ಕಾಲ ಬಂತಲ್ಲ ಎಂದು ಹಿಗ್ಗಿ ಹೀರೇಕಾಯಿಯಾದೆ. ಇಸ್ತ್ರಿ ಮೇಜಿನ ಮೇಲೆ ರೆಕಾರ್ಡರ್ ಇಟ್ಟು, "ಶುರು ಮಾಡಿ ಅಜ್ಜಿ, ಮಧ್ಯೆ ನಾನು ಉಸಿರೆತ್ತಲ್ಲ" ಎಂದಳು. ಅಯ್ಯೋ, ಹೂಂಗುಟ್ಟುವವರಿಲ್ಲದೆ ಕಥೆ ಹೇಗೆ ಮುಂದೆ ಹೋಗಬೇಕು? "ಹೂಂ ಅನ್ನದವರಿಗೆ ಹೇಳಿದ್ರೆ ಕಥೆ ದಾರಿ ತಪ್ಪುತ್ತೆ" ಅನ್ನುತ್ತಿದ್ದಳಲ್ಲ ಅಮ್ಮ! ಮೂರು ಸಲ ಶುರು ಮಾಡಿ ಮೂರು ಸಲವೂ ನಿಲ್ಲಿಸಿದೆ. ಕೊನೆಗೆ ಒಂದೊಂದು ಮಾತಿಗೂ ನಿನ್ನ ಹಾಗೆ ಮೂಗಿನಲ್ಲಿ ನಾನೇ ಹೂಂ ಅಂದುಕೊಂಡು ಹೇಳಿದೆ. ಹುಡುಗಿ ನಕ್ಕಳು. ನನಗೆ ಅಳು ಬಂತು. ದಾರದುಂಡೆ ಹುಡುಕುವ ನೆಪದಲ್ಲಿ ಡ್ರಾಯರಿನೊಳಗೆ ತಲೆ ಹಾಕಿದೆ.

ನೆರಳು ಕಳಕೊಂಡ ಮುದುಕಿ ಆರು ಬಾವಿಗಳನ್ನು ಇಣುಕಿ ನೋಡಿ ಏಳನೇ ಬಾವಿಯ ಹತ್ತಿರ ಬರುವವರೆಗೆ ಹೇಳಿ ನಿಲ್ಲಿಸಿದೆ. "ಆಮೇಲೆ?" ಅಂದಳು. ಆಮೇಲಿನದು ನನ್ನ ತಂಗಿಯ ಹತ್ತಿರ ಇದೆ ಅಂದೆ. ಅವಳು ಪಿಳಿಪಿಳಿ ಕಣ್ಣು ಬಿಟ್ಟಳು. ನಾವಿಬ್ಬರೂ ಹೊತ್ತುಗೊತ್ತಿಲ್ಲದೆ ಜಡೆ ಹಿಡಿದು ಕಿತ್ತಾಡುತ್ತಿದ್ದೆವೆಂದು ಅಮ್ಮ ಆ ಕಥೆಯನ್ನೇ ಎರಡು ತುಂಡು ಮಾಡಿ, ಮೊದಲರ್ಧ ನನಗೆ ಕಲಿಸಿ, ಉಳಿದರ್ಧವನ್ನು ನಿನ್ನೊಬ್ಬಳನ್ನೇ ಒಳಗೆ ಕರೆದು ಕಲಿಸಿದ್ದನ್ನು ಅವಳಿಗೆ ವಿವರಿಸಬೇಕಾಯಿತು. "ಒಬ್ಬಳು ಸಿಟ್ಟು ಮಾಡ್ಕೊಂಡ್ರೆ ಇನ್ನೊಬ್ಬಳ ಕಥೆ ಅರ್ಧಕ್ಕೇ ನಿಲ್ಲುತ್ತೆ, ನೋಡ್ಕೊಳ್ಳಿ" ಅಂದಿದ್ದಳು ಅಮ್ಮ. ಪಾಪ, ಆ ಜಾಣತನ ಅವಳು ಇರುವವರೆಗೆ ನಡೆಯಿತು. ಅವಳ ಹೊಲಿಗೆ ಮೆಷಿನ್ ನಾನು ಇಟ್ಟುಕೊಂಡೆನೆಂದು ನೀನು ದಢಾರನೆ ಬಾಗಿಲು ಹಾಕಿ ಹೋಗಿ ಒಂಬತ್ತು ವರ್ಷವಾಯಿತು. ತಪ್ಪು ನನ್ನದೇ, ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಈಗ ಅದರ ಮುಂದೆ ಒಬ್ಬಳೇ ಕೂತು ಪೆಡಲ್ ತುಳಿಯುತ್ತೇನೆ. ಕಟಕಟ ನಿಂತರೆ ಮನೆಯಲ್ಲಿ ಬೇರೆ ಸದ್ದೇ ಇಲ್ಲ.

ಹುಡುಗಿ ಇಪ್ಪತ್ತೈದಕ್ಕೆ ಮತ್ತೆ ಬರುತ್ತಾಳೆ, ಅದೇ ಕೊನೆಯಂತೆ. ಉಳಿದರ್ಧವನ್ನು ಕಾಗದದಲ್ಲಿ ಬರೆದು ಕಳಿಸಿ ಕೈ ತೊಳೆದುಕೊಳ್ಳಬೇಡ. ಬಂದು ಹೇಳು. ನಾನು ಹೂಂ ಅನ್ನುತ್ತೇನೆ. ನಿನ್ನ ಮಗಳಿಗೆ ನನ್ನ ಆಶೀರ್ವಾದ, ನಿನ್ನ ಮೊಣಕಾಲಿಗೂ.

ನಿನ್ನ
ಅಕ್ಕ

ಇನ್ನೊಂದು ಮಾತು: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಅಮ್ಮ ನಿನಗೆ ಹೇಳಿಕೊಡುವಾಗ ನಾನು ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿಸಿಕೊಂಡಿದ್ದೆ ಕಣೇ. "ನಿನ್ನ ನೆರಳು ನಿನ್ನನ್ನೇ ಕಾಯ್ತಾ ನಿನ್ನ ಮನೆ ಹೊಸ್ತಿಲ ಮೇಲೆ ಕೂತಿದೆ, ಹೋಗು" ಎಂದು ಏಳನೇ ಬಾವಿ ಹೇಳುವುದು ನನಗೆ ಐವತ್ತು ವರ್ಷದಿಂದ ಗೊತ್ತು. ಹುಡುಗಿಗೆ ನಾನೇ ಹೇಳಿ ಮುಗಿಸಬಹುದಿತ್ತು. ಹೇಳಿಬಿಟ್ಟಿದ್ದರೆ ನಿನ್ನನ್ನು ಕರೆಯಲು ನನಗೆ ಬೇರೆ ನೆಪವೇ ಇರುತ್ತಿರಲಿಲ್ಲ. ಬಾರೇ.