ಕಲ್ನಾರಿನ ತಗಡು ಒಡೆಯುವ ಮುನ್ನ

ಶಾಲಾ ಕಟ್ಟಡಗಳ ಹೊಣೆ ಹೊತ್ತ ಅಭಿಯಂತರ ಮಹಾಶಯರಿಗೆ,

ಮಾನ್ಯರೇ,

ಲಕ್ಷ್ಮೇಶ್ವರದ ನಮ್ಮ ಓಣಿಯ ಶಾಲೆಯ ಚಾವಣಿಯನ್ನು ಬರುವ ಸೋಮವಾರ ಕೆಡಹಲು ತಾವು ಹೊರಡಿಸಿರುವ ಆದೇಶವನ್ನು ತಡೆಹಿಡಿಯಬೇಕೆಂದು ಬೇಡಿ ಈ ಪತ್ರ. ಅದರ ಪ್ರತಿಯನ್ನು ಶಾಲೆಯ ಬಾಗಿಲಿಗೆ ಅಂಟಿಸಿದ್ದಾರೆ. ‘ಜೀರ್ಣವಾದ ಕಲ್ನಾರಿನ ತಗಡುಗಳನ್ನು ಸುತ್ತಿಗೆಯಿಂದ ಒಡೆದು ತೆಗೆದು, ಚೂರುಗಳಿಂದ ಮೈದಾನದ ತಗ್ಗುಗಳನ್ನು ತುಂಬತಕ್ಕದ್ದು’ ಎಂದಿದೆ. ಮೂವತ್ತೊಂದು ವರ್ಷ ಮಕ್ಕಳ ಬರಹ ತಿದ್ದಿದ ನನಗೆ ಅದರಲ್ಲಿ ಒಂದು ದೋಷವೂ ಕಾಣಲಿಲ್ಲ. ಇಷ್ಟು ಶುದ್ಧವಾದ ವಾಕ್ಯದಲ್ಲಿ ಇಷ್ಟು ದೊಡ್ಡ ಅಪಾಯವನ್ನು ಬರೆಯಬಹುದೆಂದು ನಾನು ತಿಳಿದಿರಲಿಲ್ಲ.

ಆ ಕಲ್ನಾರಿನ, ಎಂದರೆ ಆಸ್ಬೆಸ್ಟಾಸ್, ತಗಡುಗಳನ್ನು ೧೯೭೧ರಲ್ಲಿ ಹೊದಿಸಿದವರು ಯಮನೂರಸಾಬ ಮೇಸ್ತ್ರಿ. ಮುಂಡರಗಿಯಿಂದ ಗದಗಿನವರೆಗೆ ಅದೆಷ್ಟೋ ಗಿರಣಿ, ಗೋದಾಮುಗಳಿಗೆ ಅವರೇ ಸೂರು ಹಾಕಿದವರು. ತಗಡನ್ನು ಮೊಣಕಾಲಿನಡಿ ಒತ್ತಿ ಹಿಡಿದು ಕೈಗರಗಸದಿಂದ ಕೊಯ್ಯುತ್ತಿದ್ದರು. ಸಂಜೆಗೆ ಹುಬ್ಬು, ಮೀಸೆಗಳೆಲ್ಲ ಬೂದಿಬಣ್ಣ.

“ಏನ್ರಿ ಮೇಸ್ತ್ರಿ, ಒಂದ ದಿನದಾಗ ಮುದುಕ ಆದ್ರಲ್ಲ” ಎಂದು ನಾನು ನಗೆಯಾಡಿದರೆ, “ಮನಿಗಿ ಹೋಗಿ ಜಳಕಾ ಮಾಡಿದ್ರ ಮತ್ತ ಮದಿಮಗಾ ಆಕ್ಕೀನ್ರಿ ಮಾಸ್ತರ” ಎನ್ನುತ್ತಿದ್ದರು. ಆ ಅಂಗಿಯನ್ನು ಅವರ ಪತ್ನಿ ರಮಜಾನಬಿ ದಿನವೂ ಅಂಗಳದಲ್ಲಿ ಕೊಡವಿ, ಅನಂತರ ಒಗೆಯುತ್ತಿದ್ದರು.

ಮೂರು ವರ್ಷಗಳ ಹಿಂದೆ ಮೇಸ್ತ್ರಿಯವರಿಗೆ ಏಣಿಯ ನಾಲ್ಕನೆಯ ಮೆಟ್ಟಿಲು ಏರುವಷ್ಟರಲ್ಲಿ ಉಸಿರು ಸಾಲದಾಯಿತು, ಒಣಕೆಮ್ಮು ಹತ್ತಿತು. ಕ್ಷಯವೆಂದು ಔಷಧ ಕೊಟ್ಟರು. ಕೊನೆಗೆ ಹುಬ್ಬಳ್ಳಿಯ ವೈದ್ಯರೊಬ್ಬರು ಅವರ ಕಸುಬು ಯಾವುದೆಂದು ಕೇಳಿದರು. ಅದುವರೆಗೆ ಯಾರೂ ಕೇಳಿರಲಿಲ್ಲ. ತಗಡನ್ನು ಕೊಯ್ದಾಗ, ಒಡೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದ ನಾರುಗಳಿರುತ್ತವೆ, ಎದೆಯೊಳಗೆ ಹೊಕ್ಕರೆ ಹೊರಬರುವುದಿಲ್ಲ, ಹತ್ತಾರು ವರ್ಷಗಳ ಮೇಲೆ ರೋಗವಾಗಿ ತೋರುತ್ತವೆ ಎಂದರು. ಮೇಸ್ತ್ರಿ ಕಳೆದ ವರ್ಷ ತೀರಿಕೊಂಡರು. ಈಗ ರಮಜಾನಬಿಗೂ ಅದೇ ಒಣಕೆಮ್ಮು. ಆಕೆ ಒಂದು ತಗಡನ್ನೂ ಕೊಯ್ದವರಲ್ಲ. ಗಂಡನ ಅಂಗಿ ಕೊಡವಿದ್ದಕ್ಕೆ ಈ ಶಿಕ್ಷೆ ಯಾವ ಕಾನೂನಿನಲ್ಲಿದೆ, ಮಾನ್ಯರೇ?

ನನ್ನ ತಪ್ಪನ್ನೂ ಇಲ್ಲಿಯೇ ಬರೆಯುತ್ತೇನೆ. ತಗಡು ಹೊದಿಸಿದ ಆ ವರ್ಷ ಖೋ-ಖೋ ಅಂಕಣಕ್ಕೆ ಸುಣ್ಣ ಬಂದಿರಲಿಲ್ಲ. ಗರಗಸದ ಕೆಳಗೆ ಬಿದ್ದ ನಯವಾದ ಪುಡಿಯನ್ನು ಬುಟ್ಟಿಗೆ ತುಂಬಿಸಿ, ಮಕ್ಕಳ ಕೈಯಿಂದಲೇ ಗೆರೆ ಎಳೆಸಿದೆ. ಸೊಟ್ಟಾದರೆ ಗದರಿಸಿ ಮತ್ತೆ ಎಳೆಸಿದೆ. ಮಕ್ಕಳು ಅದರ ಮೇಲೆಯೇ ಓಡಿ, ಬಿದ್ದು, ಎದ್ದು, ಶಿರಹಟ್ಟಿಯ ಪಂದ್ಯ ಗೆದ್ದು ಬಂದರು. ಅವರೀಗ ಮಕ್ಕಳೊಂದಿಗರು. ಸಂತೆಯಲ್ಲಿ ಎದುರಾಗಿ “ಸರ, ಅರಾಮ ಅದೀರಿ?” ಎಂದು ಕೇಳುತ್ತಾರೆ. ನಾನು ಉತ್ತರಿಸುವ ಮೊದಲು ಅವರ ಉಸಿರಿಗೆ ಕಿವಿಗೊಡುತ್ತೇನೆ.

ಸೋಮವಾರ ಸುತ್ತಿಗೆ ಹಿಡಿಯಲಿರುವವನು ಮೇಸ್ತ್ರಿಯ ಮಗ ಗುಡುಸಾಬ. ನಿನ್ನೆ ಅವರ ಮನೆಗೆ ಹೋಗಿ, ಬೇಡವೆಂದೆ.

“ನಾ ಒಲ್ಲೆ ಅಂದ್ರ ಅಸುಂಡಿಯಿಂದ ಮತ್ತೊಬ್ಬನ್ನ ಕರಸ್ತಾರ್ರಿ ಸರ. ಅವನ ಎದಿ ಏನ್ ಕಬ್ಬಿಣದ್ದೇನ್ರಿ?” ಎಂದ.

ಒಳಗಿನಿಂದ ರಮಜಾನಬಿ, “ಮಾಸ್ತರ, ನೀವರ ಬರೀರಿ. ನಮ್ಮ ಹೆಬ್ಬಟ್ಟು ಯಾವ ಸಾಹೇಬ ಓದ್ತಾನ್ರಿ?” ಎಂದರು. ಅಷ್ಟು ಮಾತಿಗೇ ಆಕೆಗೆ ಎರಡು ಸಲ ನಿಲ್ಲಬೇಕಾಯಿತು.

ಆದುದರಿಂದ ಬರೆದಿದ್ದೇನೆ. ಶಾಲೆಗೆ ರಜೆ ಕೊಡಿಸಿರಿ. ತಗಡುಗಳನ್ನು ನೀರಿನಿಂದ ನೆನೆಸಿ, ಬೋಲ್ಟು ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸುವಂತೆ ಆದೇಶ ತಿದ್ದಿರಿ. ಕೆಲಸದವರಿಗೆ ಧೂಳು ತಡೆಯುವ ಮುಖವಾಡ ಕೊಡಿರಿ. ಬಟ್ಟೆಗಳನ್ನು ಅಲ್ಲಿಯೇ ನೆನೆಸಿ ತೊಳೆಯುವ ಏರ್ಪಾಡು ಮಾಡಿರಿ. ಒಣ ಧೂಳಿನ ಮೇಲೆ ಕಸಬರಿಗೆ ಆಡಿಸಕೂಡದು. ತಗಡುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಾವಿಗಳಿಂದ ದೂರದಲ್ಲಿ ಆಳವಾಗಿ ಹೂಳಿಸಬೇಕು. ವೈದ್ಯರು ಹೇಳಿ ಬರೆಸಿದ ಕ್ರಮವಿದು. ಹೆಚ್ಚು ದಿನ ಹಿಡಿಯುತ್ತದೆ ಎನ್ನುವಿರಾದರೆ, ಹಿಡಿಯಲಿ.

ಉತ್ತರ ರವಿವಾರದೊಳಗೆ ಬರಬೇಕು. ಸೋಮವಾರ ಬೆಳಿಗ್ಗೆ ಏಳಕ್ಕೆ ಗುಡುಸಾಬ ಏಣಿ ಏರುತ್ತಾನೆ. ಅವನನ್ನು ಇಳಿಸುವ ಅಧಿಕಾರ ನನಗಿಲ್ಲ, ತಮಗಿದೆ.

ಇಂತಿ,
ಕೇಳಬೇಕಾದುದನ್ನು ಹದಿನೈದು ವರ್ಷ ತಡವಾಗಿ ಕೇಳುತ್ತಿರುವ
ಒಬ್ಬ ನಿವೃತ್ತ ಶಿಕ್ಷಕ
ಲಕ್ಷ್ಮೇಶ್ವರ, ೧೯೮೬