ಸೆಪ್ಟೆಂಬರಿನ ಪರೀಕ್ಷೆ

ಬರ್ಚ್ ಲೇಕ್, ಮ್ಯಾನಿಟೋಬಾ
೧೭ ಫೆಬ್ರುವರಿ ೨೦೧೧, ಗುರುವಾರ

ನನ್ನ ಲೆಸ್ಯಾ,

ಹದಿನಾರು ದಿನದಿಂದ ನಿನ್ನೊಡನೆ ಸರಿಯಾಗಿ ಒಂದು ಮಾತೂ ಆಡದೆ ಕೂತಿದ್ದೇನೆ. ಮೊದಲು ಮನಸಾರೆ ಬೈದುಬಿಡು, ಆಮೇಲೆ ಮುಂದೆ ಓದು. ನೀನೂ ಮಗಳೂ ಕ್ಷೇಮ ಎಂದುಕೊಂಡಿದ್ದೇನೆ. ಮಾರ್ತಾಳ ಮುಂದಿನ ಹಲ್ಲು ಬಿತ್ತೇ? ಅಲ್ಲಾಡುತ್ತಿದೆ ಎಂದು ಹೇಳಿದ್ದಳು.

ಫೋನಿನ ಬೆಳಕು ನೋಡಿದರೆ ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ, ಅದಕ್ಕೇ ಪೆನ್ಸಿಲ್ ಹಿಡಿದಿದ್ದೇನೆ. ಅದಷ್ಟೇ ಕಾರಣ ಅಲ್ಲ ಬಿಡು. ನಿನ್ನ ದನಿ ಕೇಳಿದ ತಕ್ಷಣ "ಚೆನ್ನಾಗಿದ್ದೀನಿ ಕಣೇ" ಅಂದುಬಿಡುತ್ತೇನೆ. ಹದಿನಾಲ್ಕು ವರ್ಷದಿಂದ ಬಾಯಿಗೆ ಅದೇ ರೂಢಿಯಾಗಿಬಿಟ್ಟಿದೆ.

ತಲೆಗೆ ಏಟು ಬಿದ್ದ ಸುದ್ದಿ ರೇಡಿಯೋದಲ್ಲೇ ಕೇಳಿರುತ್ತೀ. ಹಾಕಿ ಅಂಕಣದ ಮೂಲೆಯಲ್ಲಿ, ಐಸ್ ಮೇಲೆ ಜಾರಿ ಬಂದ ಪಕ್ ಬಿಲ್ಲೆಯನ್ನು ಕೋಲಿಗೆ ಎಳೆದುಕೊಳ್ಳಲು ಬೆನ್ನು ತಿರುಗಿಸಿದ್ದೆ, ಹಿಂದಿನಿಂದ ಬಂದವನೊಬ್ಬ ಭುಜ ಕೊಟ್ಟು ನನ್ನನ್ನು ಅಂಚಿನ ಗಾಜಿನ ಗೋಡೆಗೆ ಅಪ್ಪಳಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಹಾಗೆ ಎಷ್ಟು ಜನರನ್ನು ಕೆಡವಿಲ್ಲ! ರೇಡಿಯೋದವರು ಹೇಳದೆ ಬಿಟ್ಟದ್ದು ಒಂದಿದೆ. ನಾನು ಎದ್ದು, ಸೀದಾ ಎದುರಾಳಿಗಳ ಬೆಂಚಿಗೆ ಹೋಗಿ, ಅವರ ನಡುವೆ ಆರಾಮಾಗಿ ಕೂತುಬಿಟ್ಟೆನಂತೆ. ನಮ್ಮ ಸಾಮಾನು ನೋಡಿಕೊಳ್ಳುವ ವಾಲ್ಟರ್ ಓಡಿ ಬಂದು ರಟ್ಟೆ ಹಿಡಿದು, "ಅಯ್ಯೋ ಮಾರಾಯಾ, ನಮ್ಮನೆ ಆ ಕಡೆ ಇದೆ ಬಾ" ಎಂದು ಎಬ್ಬಿಸಿಕೊಂಡು ಹೋದನಂತೆ. ಹುಡುಗರಿಗೆ ಈಗಲೂ ಅದೇ ನಗು. "ಏನ್ ತಾತಾ, ಅವರ ಬೆಂಚು ಮೆತ್ತಗಿತ್ತಾ?" ಎಂದು ಬಾಗಿಲಲ್ಲೇ ನಿಂತು ಕೇಳುತ್ತಾರೆ. ನಾನೂ ನಗುತ್ತೇನೆ. ನನಗೆ ಅದ್ಯಾವುದೂ ನೆನಪಿಲ್ಲ.

ಅಂದಿನಿಂದ ಪರದೆ ಎಳೆದುಕೊಂಡು ಕೋಣೆಯಲ್ಲೇ ಇದ್ದೇನೆ. ವಾಲ್ಟರ್ ಮಧ್ಯಾಹ್ನ ಬೀಟ್‌ರೂಟ್ ಸೂಪ್ ತಂದು ಕೊಡುತ್ತಾನೆ. ನಿಮ್ಮಮ್ಮ ಮಾಡುವುದರ ಕಾಲುಭಾಗ ರುಚಿಯೂ ಇಲ್ಲ, ಆದರೂ ಅವನ ಮುಖ ನೋಡಿ ಕುಡಿಯುತ್ತೇನೆ.

ಸೋಮವಾರ ಕೋಚ್ ಡಗ್ಗನ್ ಬಂದಿದ್ದ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತಾಗಲೇ ನನಗೆ ಅರ್ಥವಾಯಿತು. "ನೋಡಪ್ಪಾ ಓರೆಸ್ಟ್, ಶನಿವಾರ ನೀನು ಐಸ್ ಮೇಲಿದ್ರೆ ಸರಿ. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಬೇರೆಯವನು ಬರ್ತಾನೆ. ನನ್ನ ಕೈಲಿ ಏನೂ ಇಲ್ಲ, ಮೇಲಿನವರ ತೀರ್ಮಾನ" ಎಂದ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ತಂಡ ಬಿಟ್ಟವನನ್ನು ಇನ್ಯಾರು ಕರೆಯುತ್ತಾರೆ ಹೇಳು? ಒಂಬತ್ತು ಊರಿಗೆ ಆಡಿದೆ. ದೊಡ್ಡ ಲೀಗಿನಲ್ಲಿ ಸಿಕ್ಕಿದ್ದು ಹನ್ನೊಂದೇ ಪಂದ್ಯ, ಆ ಹನ್ನೊಂದನ್ನೇ ನೆನೆಸಿಕೊಂಡು ಇಷ್ಟು ವರ್ಷ ಬಸ್ಸಿನಲ್ಲಿ ಅಲೆದೆ. ಐಸ್ ಬಿಟ್ಟು ನೆಲಕ್ಕೆ ಇಳಿದರೆ ನಿನಗೆ ನೆಟ್ಟಗೆ ನಡೆಯಲೂ ಬರುವುದಿಲ್ಲ ಎಂದು ನೀನೇ ನಗುತ್ತಿದ್ದೆಯಲ್ಲ. ನನಗೆ ಭಯವಾಗುತ್ತಿದೆ ಲೆಸ್ಯಾ.

ಈಗ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಪ್ರತಿ ಸೆಪ್ಟೆಂಬರಿನಲ್ಲಿ, ಆಟ ಶುರುವಾಗುವ ಮೊದಲು, ಡಾಕ್ಟರು ನಮ್ಮನ್ನು ಒಬ್ಬೊಬ್ಬರನ್ನೇ ಕಂಪ್ಯೂಟರಿನ ಮುಂದೆ ಕೂರಿಸುವುದು ನಿನಗೆ ಗೊತ್ತು. ಹನ್ನೆರಡು ಪದ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ಬಣ್ಣ ಕಂಡ ತಕ್ಷಣ ಗುಂಡಿ ಒತ್ತಿಸುತ್ತಾರೆ. ಆ ಅಂಕವೇ ಒಬ್ಬೊಬ್ಬನ ತಲೆಯ ಅಳತೆ. ತಲೆಗೆ ಏಟು ಬಿದ್ದವನು ಅದೇ ಪರೀಕ್ಷೆಗೆ ಮತ್ತೆ ಕೂತು ಸೆಪ್ಟೆಂಬರಿನ ಅಂಕ ತಂದರೆ ಮಾತ್ರ ಆಟಕ್ಕೆ ಬಿಡುತ್ತಾರೆ. ಹನ್ನೆರಡು ವರ್ಷದ ಹಿಂದೆ ನನ್ನ ಜೊತೆ ಕೋಣೆಯಲ್ಲಿದ್ದ ಹಿರಿಯ ಆಟಗಾರ ಮೆಲ್ ನನಗೆ ವಿದ್ಯೆ ಕಲಿಸಿದ. "ಹತ್ತು ನೆನಪಿದ್ರೆ ಏಳು ಹೇಳು. ಸೆಪ್ಟೆಂಬರಲ್ಲಿ ದಡ್ಡನಾಗು, ಫೆಬ್ರುವರಿಲಿ ಬಚಾವಾಗ್ತೀಯ. ತೀರಾ ದಡ್ಡನಾಗ್ಬೇಡ ಮತ್ತೆ, ಡಾಕ್ಟ್ರಿಗೆ ಅನುಮಾನ ಬರತ್ತೆ!" ನಾಲ್ಕು ಸಲ ತಲೆ ಗಿರ್ರೆಂದಾಗಲೂ ಆ ವಿದ್ಯೆಯೇ ನನ್ನನ್ನು ದಾಟಿಸಿತು.

ಹೋದ ಬೇಸಿಗೆಯಲ್ಲಿ ನಾನು ಜಂಭದಿಂದ ಇದನ್ನು ನಿನಗೆ ಹೇಳಿದೆ. ನೀನು ಪೆರೋಗಿ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದೆ. ಲಟ್ಟಣಿಗೆ ಕೆಳಗಿಟ್ಟು, ಹಿಟ್ಟಿನ ಕೈಯಲ್ಲೇ ನನ್ನ ತೋಳು ಹಿಡಿದು, ಅಡುಗೆಮನೆಯ ಮೇರಿಮಾತೆಯ ಪಟದ ಮುಂದೆ ನಿಲ್ಲಿಸಿದೆ. "ಈ ವರ್ಷ ಮೋಸ ಮಾಡಲ್ಲ ಅಂತ ಆಣೆ ಇಡು. ನಂಗೆ ಆಟಗಾರ ಬೇಡ, ಮನುಷ್ಯ ಬೇಕು" ಎಂದೆ. ನಾನು ಇಟ್ಟೆ.

ಇವತ್ತು ಬೆಳಿಗ್ಗೆ ಪರೀಕ್ಷೆಗೆ ಕೂತೆ. ಪಾಸಾದೆ. "ತಲೆನೋವು ಇದೆಯೇನಪ್ಪಾ?" ಎಂದು ಡಾಕ್ಟರ್ ಪೆಟ್ರಿ ಕೇಳಿದ, ಇಲ್ಲ ಎಂದೆ. ಅವನು ಎರಡು ಹಾಳೆ ಪಕ್ಕಪಕ್ಕ ಇಟ್ಟು ನೋಡಿ, "ಸೆಪ್ಟೆಂಬರಲ್ಲಿ ಹೇಗಿದ್ಯೋ ಹಾಗೇ ಇದ್ದೀಯ. ಹೋಗು, ಶನಿವಾರ ಆಡು" ಎಂದು ಬೆನ್ನು ತಟ್ಟಿದ. ಹುಡುಗರೆಲ್ಲ ಕೋಲು ನೆಲಕ್ಕೆ ಬಡಿದು ಕುಣಿದರು. ನೀನೀಗ ಅಂದುಕೊಳ್ಳುವುದು ನನಗೆ ಗೊತ್ತು. ಆಣೆ ಮುರಿದ, ಸೆಪ್ಟೆಂಬರಿನಲ್ಲಿ ಮತ್ತೆ ಕಳ್ಳಾಟ ಆಡಿದ, ಇವನ ಬುದ್ಧಿ ಇಷ್ಟೇ ಎಂದು. ಹಾಗೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ಬಾವಿಯ ಪೈಪು ಹೆಪ್ಪುಗಟ್ಟಿದರೆ ನೀನೇ ಹತ್ತಿ ಇಳಿದು ಸಾಹಸ ಮಾಡಬೇಡ, ಪಕ್ಕದ ಮನೆಯವರನ್ನು ಕರೆ. ನನ್ನ ಮಾರ್ತಾಳನ್ನು ದೇವರು ಕಾಪಾಡಲಿ, ಅವಳ ತಲೆಗೆ ಎಂದೂ ಯಾವ ನೋವೂ ಬಾರದಿರಲಿ. ಮಾರ್ತಾಳ ಮುಂದಿನ ಹಲ್ಲು ಬಿತ್ತೇ? ಅಲ್ಲಾಡುತ್ತಿದೆ ಎಂದು ಹೇಳಿದ್ದಳು. ನೀನು ಸುಖವಾಗಿರು, ನನ್ನಿಂದಾದ ನೋವನ್ನೆಲ್ಲ ಕ್ಷಮಿಸು.

ನಿನ್ನವನೇ ಆದ
ಓರೆಸ್ಟ್

ತಾಜಾಕಲಂ: ಲಕೋಟೆ ಅಂಟಿಸಲು ಆಗಲಿಲ್ಲ. ಲೆಸ್ಯಾ, ನಾನು ಸೆಪ್ಟೆಂಬರಿನಲ್ಲಿ ಮೋಸ ಮಾಡಲಿಲ್ಲ. ಮೇರಿಮಾತೆಯಾಣೆ, ಮಾಡಲಿಲ್ಲ. ಹಲ್ಲು ಕಚ್ಚಿ, ಬೆವರು ಹರಿಸಿ, ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಡಾಕ್ಟರ್ ಪೆಟ್ರಿ ಹಾಳೆ ನೋಡಿ ನಕ್ಕ. "ಎಂಥ ನಿಯತ್ತಿನ ಮನುಷ್ಯನಯ್ಯಾ ನೀನು! ಹೋದ ವರ್ಷ ಎಷ್ಟೋ ಈ ವರ್ಷವೂ ಅಷ್ಟೇ, ಒಂದು ಅಂಕ ಹೆಚ್ಚಿಲ್ಲ, ಕಡಿಮೆಯಿಲ್ಲ." ಬೇಕೆಂದೇ ಅಂಕ ಇಳಿಸಿ ಇಳಿಸಿ ಎಲ್ಲಿ ನಿಲ್ಲಿಸುತ್ತಿದ್ದೆನೋ, ಈ ಸಲ ಇಳಿಸದೆಯೇ ಅಲ್ಲಿ ಬಂದು ನಿಂತಿದ್ದೆ. ಅವತ್ತು ಫೋನಿನಲ್ಲಿ "ಚೆನ್ನಾಗಿ ಮಾಡ್ದೆ ಕಣೇ" ಎಂದೆ. ಆ ಏಟು ಬೀಳುವುದಕ್ಕೆ ಐದು ತಿಂಗಳ ಮೊದಲೇ ನಾನು ಹೀಗಾಗಿದ್ದೆ, ಅದು ನನ್ನೊಬ್ಬನಿಗೇ ಗೊತ್ತಿತ್ತು.

ನಾಳೆ ವಾಲ್ಟರ್ ಸ್ಕೇಟು ತರಲು ನಮ್ಮೂರಿನ ಮೇಲೇ ಹೋಗುತ್ತಾನೆ, ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಪೆಟ್ರಿಯ ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ. ಶನಿವಾರ ಏಳಕ್ಕೆ ಪಂದ್ಯ, ಆರಕ್ಕೆಲ್ಲ ನಾನು ಸ್ಕೇಟಿನ ದಾರ ಕಟ್ಟಲು ಕೂರುತ್ತೇನೆ. ಕೂತರೆ ಎದ್ದು ಹೋಗಿಯೇ ಹೋಗುತ್ತೇನೆ, ಬಾಯಿ ಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಅಷ್ಟರೊಳಗೆ ನೀನು ಪೆಟ್ರಿಗೆ ಎಲ್ಲ ಹೇಳಿಬಿಡು.

ಕಾಗದ ಮತ್ತೆ ಓದಿದೆ. ಮಾರ್ತಾಳ ಹಲ್ಲಿನ ವಿಷಯ ಎರಡು ಸಲ ಕೇಳಿದ್ದೇನೆ, ಎರಡನೆಯದು ಬರೆದದ್ದೇ ನನಗೆ ನೆನಪಿಲ್ಲ. ಹೊಡೆದು ಹಾಕದೆ ಹಾಗೇ ಬಿಟ್ಟಿದ್ದೇನೆ. ಡಾಕ್ಟರಿಗೆ ಅದನ್ನೂ ಓದಿ ಹೇಳು.